ಒಂದು ಬೆರಳಲ್ಲಿ ತೋರಿಸಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ವಾಚನಾಲಯದಲ್ಲಿ ಕಾಸ್ಮೆಟಿಕ್ ಸರ್ಜರಿಯ ಬಗ್ಗೆ ಮಾತಾಡಿದ್ದೆ. ಅವತ್ತು ಬರಲಾಗದ ಕೆಲವರು ಬರೆದು ಕೊಡಿ ಅಂತ ಕೇಳಿದರು. ಅದೇ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಅಜ್ಜಿಯ ಕಿವಿಯಿಂದ ಶುರು ಮಾಡುತ್ತೇನೆ. ಅಜ್ಜಿಯ ಎರಡೂ ಕಿವಿಯ ಹಾಲೆ ಹರಿದಿತ್ತು. ಚಿಕ್ಕ ಪ್ರಾಯದಿಂದ ಹಾಕಿದ ಬೆಂಡೋಲೆಯ ಭಾರಕ್ಕೆ ತೂತು ಇಷ್ಟಿಷ್ಟೇ ಕೆಳಗಿಳಿದು, ಒಂದು ದಿನ ಪೂರ್ತಿ ಸೀಳಿ ಹೋಗಿತ್ತು. ಅಜ್ಜಿ ಆದವರಿಗೆಲ್ಲ ಕಿವಿ ಹಾಗೇ ಆಗುತ್ತದೆ ಅಂತ ಚಿಕ್ಕವನಿದ್ದಾಗ ನಾನು ಅಂದುಕೊಂಡಿದ್ದೆ. ಮದುವೆ ಮನೆಗೆ ಹೊರಡುವಾಗ ಅವರು ಸೆರಗನ್ನು ತಲೆಯ ಮೇಲಿಂದ ಎಳೆದು ಕಿವಿ ಮುಚ್ಚುತ್ತಿದ್ದರು. ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಮುಚ್ಚುತ್ತಿದ್ದರು.

ಪ್ಲಾಸ್ಟಿಕ್ ಸರ್ಜರಿ ಕಲಿಯಲು ಹೋದ ಮೊದಲ ವರ್ಷ ನನ್ನ ಕೈಗೆ ಬಂದ ಕೆಲಸಗಳಲ್ಲಿ ಹರಿದ ಕಿವಿ ಹೊಲಿಯುವುದೂ ಒಂದು. ಮರಗಟ್ಟಿಸಲು ಸಣ್ಣ ಇಂಜೆಕ್ಷನ್. ಸೀಳಿನ ಎರಡು ಅಂಚಿನಲ್ಲೂ ಮಾಗಿದ ಹಳೆಯ ಚರ್ಮವನ್ನು ತೆಳುವಾಗಿ ತೆಗೆಯಬೇಕು. ಅದನ್ನು ಬಿಟ್ಟು ಸುಮ್ನೆ ಹೊಲಿದರೆ ಕೂಡುವುದಿಲ್ಲ. ಹಸಿ ಅಂಚಿಗೆ ಹಸಿ ಅಂಚು ತಾಗಿದರೇ ಕೂಡುವುದು. ವಾರ ಹತ್ತು ದಿನಕ್ಕೆ ಹೊಲಿಗೆ ಬಿಚ್ಚುತ್ತೇವೆ. ಮೂರು ತಿಂಗಳು ಕಳೆದ ಮೇಲೆ ಗಾಯದ ಗೆರೆ ಬಿಟ್ಟು ಪಕ್ಕದಲ್ಲಿ ಹೊಸ ತೂತು ಚುಚ್ಚಬಹುದು. ಒಂದು ಕಿವಿಗೆ ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಅಜ್ಜಿ ತೀರಿಕೊಂಡು ಆಗ ಆರು ವರ್ಷ ಆಗಿತ್ತು.

ಕಾಸ್ಮೆಟಿಕ್ ಸರ್ಜರಿ ಅಂದ ಕೂಡಲೇ ನಮ್ಮಲ್ಲಿ ಸಿನಿಮಾದವರ ನೆನಪಾಗುತ್ತದೆ. ದುಡ್ಡಿದ್ದವರ ಶೋಕಿ ಅನ್ನುತ್ತಾರೆ. ನನ್ನ ಅಜ್ಜಿ ಶೋಕಿಯವರಲ್ಲ. ಗದ್ದೆಗೆ ಇಳಿದು ಕೆಲಸ ಮಾಡಿದವರು. ಅವರಿಗೆ ಬೇಕಾಗಿದ್ದದ್ದು ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವುದು, ಅಷ್ಟೇ.

ಪ್ಲಾಸ್ಟಿಕ್ ಸರ್ಜರಿ ಅಂದರೆ ಒಳಗೆ ಪ್ಲಾಸ್ಟಿಕ್ ಇಡುತ್ತಾರೆ ಅಂತ ಈಗಲೂ ಕೇಳುವವರಿದ್ದಾರೆ. ಅದು ಗ್ರೀಕ್ ಮಾತಿನಿಂದ ಬಂದ ಹೆಸರು. ಆಕಾರ ಕೊಡುವುದು ಅಂತ ಅರ್ಥ. ಇದರಲ್ಲಿ ಎರಡು ಕವಲು. ಸೀಳುತುಟಿ, ಸುಟ್ಟ ಗಾಯ, ಅಪಘಾತ, ಕ್ಯಾನ್ಸರ್ ಇವುಗಳಿಂದ ಕೆಟ್ಟದ್ದನ್ನು ಸರಿ ಮಾಡುವುದು ಒಂದು. ರೋಗ ಇಲ್ಲದ ಕಡೆ, ನೋಡಲು ಇನ್ನಷ್ಟು ಸರಿಯಾಗಲಿ ಅಂತ ಮಾಡುವುದು ಇನ್ನೊಂದು. ಈ ಎರಡನೆಯದೇ ಕಾಸ್ಮೆಟಿಕ್ ಸರ್ಜರಿ. ಎರಡಕ್ಕೂ ನಡುವೆ ಗಟ್ಟಿ ಗೋಡೆ ಇಲ್ಲ. ಅಜ್ಜಿಯ ಕಿವಿ ಯಾವ ಕಡೆಗೆ ಸೇರುತ್ತದೆ, ನೀವೇ ಹೇಳಿ.

ಇದು ಹೊರಗಿನಿಂದ ಬಂದ ವಿದ್ಯೆ ಅಂತಲೂ ಅಂದುಕೊಳ್ಳಬೇಡಿ. ನಾವು ಯಕ್ಷಗಾನದ ಊರಿನವರು. ಶೂರ್ಪನಖಿ ಮೂಗು ಕಳೆದುಕೊಂಡು ರಾವಣನ ಮುಂದೆ ಬಂದು ಗೋಳಾಡುವುದನ್ನು ಎಷ್ಟು ರಾತ್ರಿ ಕೂತು ನೋಡಿಲ್ಲ? ಮೂಗು ಹೋದರೆ ಮಾನ ಹೋದ ಹಾಗೆ ಅನ್ನುವ ಕಾಲ ಅದು. ಶಿಕ್ಷೆ ಅಂತ ಮೂಗು ಕತ್ತರಿಸುತ್ತಿದ್ದರು. ಕತ್ತರಿಸುವವರು ಜಾಸ್ತಿ ಇದ್ದ ದೇಶದಲ್ಲೇ ಕಟ್ಟುವವರೂ ಬೆಳೆದರು. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ.

1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿಯ ಕೆಲಸದವನೊಬ್ಬ, ಕಾವಸ್‌ಜಿ ಅಂತ, ಟಿಪ್ಪುವಿನ ಸೈನಿಕರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಒಂದು ವರ್ಷ ಹಾಗೇ ಇದ್ದು, ಆಮೇಲೆ ಅವನು ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯನ ಹತ್ತಿರ ಹೋದ. ಆ ಮನುಷ್ಯ ಮೇಣದಿಂದ ಮೂಗಿನ ಅಚ್ಚು ಮಾಡಿದ. ಅಚ್ಚನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯ ಒಳಗಿನ ಚರ್ಮವನ್ನು ಬಿಡಿಸಿ, ಎರಡು ಹುಬ್ಬಿನ ನಡುವೆ ಮಾತ್ರ ಒಂದು ಪಟ್ಟಿ ಉಳಿಸಿ, ಕೆಳಗೆ ತಿರುಗಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಆ ಪಟ್ಟಿಯಿಂದಲೇ ಹೊಸ ಮೂಗಿಗೆ ರಕ್ತ. ಸುಮಾರು 25ನೇ ದಿನ ಪಟ್ಟಿ ಕತ್ತರಿಸುವುದು ಅವರ ಕ್ರಮ. 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಈ ಸಂಗತಿ ಚಿತ್ರ ಸಮೇತ ಬಂತು. ಅದರ ಆಧಾರದ ಮೇಲೆ ಜೋಸೆಫ್ ಕಾರ್ಪ್ಯೂ ಎಂಬ ಡಾಕ್ಟರ್ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿ ಮೂಗು ಕಟ್ಟಿದರು. ಕ್ಯಾನ್ಸರಿನಿಂದ ಮೂಗು ಹೋದವರಿಗೆ ನಾವು ಇವತ್ತೂ ಹಣೆಯ ಚರ್ಮವನ್ನೇ ಹೀಗೆ ತಿರುಗಿಸುತ್ತೇವೆ. ಮೇಣದ ಬದಲು ಹೊಲಿಗೆ ನೂಲಿನ ಪ್ಯಾಕೆಟ್ಟಿನ ಹಾಳೆಯನ್ನು ಅಚ್ಚಿಗೆ ಬಳಸುತ್ತೇವೆ. ಪಟ್ಟಿ ಕತ್ತರಿಸುವುದು ಮೂರು ವಾರಕ್ಕೆ. ಆ ಇಟ್ಟಿಗೆಯವನ ಹೆಸರು ಯಾರೂ ಬರೆದಿಡಲಿಲ್ಲ. ಆ ಆಪರೇಷನ್ ಮಾಡುವಾಗೆಲ್ಲ ನನಗೆ ಅವನ ನೆನಪಾಗುತ್ತದೆ.

ಇನ್ನು ಇವತ್ತಿನ ವಿಷಯ. ಯಾವ ಆಪರೇಷನ್ ಯಾರಿಗೆ ಸರಿ?

ನನ್ನ ಮೇಜಿನ ಮೇಲೆ ಒಂದು ಕೈಗನ್ನಡಿ ಇರುತ್ತದೆ. ಬಂದವರ ಕೈಗೆ ಅದನ್ನು ಕೊಡುತ್ತೇನೆ. ನಿಮಗೆ ಏನು ಬೇಸರ, ಒಂದು ಬೆರಳಲ್ಲಿ ತೋರಿಸಿ ಅನ್ನುತ್ತೇನೆ. ಬೆರಳು ನೇರ ಒಂದು ಜಾಗಕ್ಕೆ ಹೋದರೆ ಮಾತು ಮುಂದುವರಿಯುತ್ತದೆ. ಬೆರಳು ಮುಖದ ಸುತ್ತ ತಿರುಗುತ್ತಲೇ ಇದ್ದರೆ ನಾನು ನಿಧಾನ ಮಾಡುತ್ತೇನೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದು ಕಡಿಮೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬಳು ಹುಡುಗಿ ಬಂದಳು. ಮೂಗಿನ ಮೇಲೆ ಸಣ್ಣ ಗೂನು. ಜೊತೆಗೆ ಮನೆಯವರು ಮೂರು ಜನ. ಕನ್ನಡಿ ಹಿಡಿದದ್ದು ಅವಳು. ಬೆರಳು ತೋರಿಸಿದ್ದು ಅವಳ ದೊಡ್ಡಮ್ಮ. ಎರಡು ಸಂಬಂಧ ತಪ್ಪಿ ಹೋಗಿದೆ, ಮೂರನೆಯದು ಬರುವ ಮೊದಲು ಮಾಡಿಬಿಡಿ ಅಂದರು. ಹುಡುಗಿಯನ್ನು ಕೇಳಿದೆ. ತಲೆ ಆಡಿಸಿದಳು. ನಾನು ಆಪರೇಷನ್ ಮಾಡಿದೆ. ಮೂಗು ಚೆನ್ನಾಗಿಯೇ ಬಂತು. ಮೂರನೆಯ ಸಂಬಂಧವೂ ತಪ್ಪಿತು. ಎಂಟು ತಿಂಗಳ ಮೇಲೆ ಅವಳು ಒಬ್ಬಳೇ ಬಂದಳು. ಸರ್, ಈಗ ಗಲ್ಲ ಸರಿ ಇಲ್ಲವಂತೆ ಅಂದಳು. 'ಇಲ್ಲವಂತೆ' ಅನ್ನುವ ಆ ಒಂದು ಮಾತು ನನಗೆ ಮೊದಲ ದಿನವೇ ಕೇಳಬೇಕಿತ್ತು. ಅವಳ ಮೂಗಿನ ಬಗ್ಗೆ ಅವಳಿಗೇ ಬೇಸರ ಇರಲಿಲ್ಲ. ಅವಳ ಗಲ್ಲಕ್ಕೆ ನಾನು ಕೈ ಹಾಕಲಿಲ್ಲ. ಅವತ್ತಿನಿಂದ ಮೊದಲ ಹದಿನೈದು ನಿಮಿಷ ಮನೆಯವರನ್ನು ಹೊರಗೆ ಕೂರಿಸುತ್ತೇನೆ.

ಮೂಗಿನ ಆಪರೇಷನ್ನಿಗೆ ರೈನೊಪ್ಲಾಸ್ಟಿ ಅನ್ನುತ್ತಾರೆ. ಮೂಗು ಬೆಳೆದು ಮುಗಿಯುವವರೆಗೆ ಮಾಡಬಾರದು. ಹುಡುಗಿಯರಿಗೆ ಸುಮಾರು 16, ಹುಡುಗರಿಗೆ 17-18 ವರ್ಷ ಆಗಬೇಕು. ಒಳಗಿನ ಗೋಡೆ ಡೊಂಕಾಗಿ ಉಸಿರಾಟಕ್ಕೂ ತೊಂದರೆ ಇದ್ದರೆ ಎರಡನ್ನೂ ಒಟ್ಟಿಗೆ ಸರಿ ಮಾಡಬಹುದು. ಮೂಗಿನ ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು. ಮುಂದಿನ ತಿಂಗಳು ನಿಶ್ಚಿತಾರ್ಥ ಅನ್ನುವವರಿಗೆ ಇದು ಆಗುವ ಕೆಲಸ ಅಲ್ಲ.

ಈಗ ಹೊಟ್ಟೆಯ ವಿಷಯ. ಅತಿ ಹೆಚ್ಚು ಜನ ಕೇಳುವುದು, ಅತಿ ಹೆಚ್ಚು ತಪ್ಪು ತಿಳಿದಿರುವುದು ಇದನ್ನೇ. ಲೈಪೊಸಕ್ಷನ್ ಅಂದರೆ ಸಣ್ಣ ಕೊಳವೆಯಿಂದ ಕೊಬ್ಬು ಹೀರುವುದು. ಮೊದಲು ಸಲೈನಿಗೆ ಮರಗಟ್ಟಿಸುವ ಔಷಧ ಮತ್ತು ರಕ್ತನಾಳ ಕುಗ್ಗಿಸುವ ಔಷಧ ಸೇರಿಸಿ ಆ ಜಾಗಕ್ಕೆ ತುಂಬಿಸುತ್ತೇವೆ. ಅದರಿಂದ ರಕ್ತ ಹೋಗುವುದು ಕಡಿಮೆ. ಆಮೇಲೆ ಕೊಬ್ಬು ಹೀರುತ್ತೇವೆ. ಹೀಗೆ ಹೊರಗೆ ಬರುವುದೆಲ್ಲ ಸೇರಿ ಒಂದು ಸಲಕ್ಕೆ 5 ಲೀಟರ್ ದಾಟಿದರೆ ಅಪಾಯ ಏರುತ್ತದೆ.

ಇಲ್ಲಿ ಕೂತಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಹೊಟ್ಟೆಯ ಮೇಲೆ ಹೆಬ್ಬೆರಳು ತೋರುಬೆರಳು ಇಟ್ಟು ಚಿವುಟಿ ಹಿಡಿಯಿರಿ. ಹಿಡಿಗೆ ಸಿಕ್ಕಿದ್ದು ಚರ್ಮದ ಅಡಿಯ ಕೊಬ್ಬು. ಲೈಪೊಸಕ್ಷನ್ನಿಗೆ ಬರುವುದು ಅದೊಂದೇ. ಹಿಡಿಗೆ ಏನೂ ಸಿಗದೆ ಹೊಟ್ಟೆ ಮಡಕೆಯ ಹಾಗೆ ಗಟ್ಟಿಯಾಗಿ ಮುಂದೆ ಬಂದಿದ್ದರೆ ಕೊಬ್ಬು ಒಳಗೆ, ಕರುಳಿನ ಸುತ್ತ ಇದೆ. ಅದನ್ನು ಯಾವ ಕೊಳವೆಯೂ ಮುಟ್ಟಬಾರದು. ನಮ್ಮಲ್ಲಿ ಐವತ್ತು ದಾಟಿದ ಗಂಡಸರ ಹೊಟ್ಟೆ ಹೆಚ್ಚಾಗಿ ಈ ತರದ್ದು. ಅದಕ್ಕೆ ನಡಿಗೆ, ಅನ್ನ ಕಡಿಮೆ ಮಾಡುವುದು, ಶುಗರ್ ನೋಡಿಸುವುದು, ಇದೇ ದಾರಿ.

ಹಾಗಾದರೆ ಲೈಪೊಸಕ್ಷನ್ ಯಾರಿಗೆ? ತೂಕ ಹೆಚ್ಚು ಕಡಿಮೆ ಸರಿ ಇದ್ದು, ಆರು ತಿಂಗಳಿಂದ ಏರಿಳಿತ ಇಲ್ಲದೆ, ಸೊಂಟದ ಬದಿಯಲ್ಲೋ ತೊಡೆಯಲ್ಲೋ ಗಲ್ಲದ ಅಡಿಯಲ್ಲೋ ಒಂದು ಜಾಗದ ಕೊಬ್ಬು ಏನು ಮಾಡಿದರೂ ಇಳಿಯದವರಿಗೆ. ಚರ್ಮ ಬಿಗಿಯಾಗಿರಬೇಕು. ಚರ್ಮ ಜೋತಿದ್ದರೆ ಕೊಬ್ಬು ತೆಗೆದ ಮೇಲೆ ಇನ್ನೂ ಜೋಲುತ್ತದೆ. ಇದು ತೂಕ ಇಳಿಸುವ ಚಿಕಿತ್ಸೆ ಅಲ್ಲವೇ ಅಲ್ಲ. ತೆಗೆದ ಜೀವಕೋಶ ಮತ್ತೆ ಬರುವುದಿಲ್ಲ ನಿಜ. ಆದರೆ ತಿನ್ನುವುದು ಜಾಸ್ತಿಯಾದರೆ ಉಳಿದ ಕಡೆ ಕೊಬ್ಬು ಕೂರುತ್ತದೆ. ಆಪರೇಷನ್ ಆದ ಮೇಲೆ ಕೆಲವು ವಾರ ಬಿಗಿ ಉಡುಪು ಹಾಕಬೇಕು. ನಮ್ಮ ಮೀನ, ಮೇಷ ತಿಂಗಳ ಸೆಕೆಯಲ್ಲಿ ಅದು ಸುಲಭ ಅಲ್ಲ. ತಿಂಗಳು ಆರಿಸಿಕೊಳ್ಳುವಾಗ ಇದನ್ನೂ ಲೆಕ್ಕ ಹಾಕಿ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡದ್ದನ್ನು ನೀವು ಓದಿದ್ದೀರಿ. ಒಬ್ಬ ಮಗಳು ಬೆಳಿಗ್ಗೆ ನಡೆದುಕೊಂಡು ಹೋಗಿ ಸಂಜೆ ವಾಪಸು ಬರಲಿಲ್ಲ. ಆ ಸುದ್ದಿ ಬಂದ ವಾರ ನಾನು ನನ್ನ ಪಟ್ಟಿಯಲ್ಲಿದ್ದ ಎಲ್ಲರಿಗೂ ಫೋನ್ ಮಾಡಿ ಇನ್ನೊಮ್ಮೆ ಮಾತಾಡಿದೆ. ಕೊಬ್ಬಿನ ತುಣುಕು ರಕ್ತಕ್ಕೆ ಸೇರುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು, ಮೈಯ ನೀರಿನ ಲೆಕ್ಕ ತಪ್ಪುವುದು, ಇವು ಅಪರೂಪ. ಆದರೆ ಇವೆ. ಅದಕ್ಕೇ ಅನಸ್ತೇಸಿಯಾದ ಡಾಕ್ಟರ್ ಇಲ್ಲದ, ಐಸಿಯು ವ್ಯವಸ್ಥೆ ಕೈಗೆಟುಕದ ಜಾಗದಲ್ಲಿ ದೊಡ್ಡ ಮಟ್ಟದ ಲೈಪೊಸಕ್ಷನ್ ಮಾಡಿಸಬಾರದು.

ಎರಡು ಮೂರು ಹೆರಿಗೆ ಆದ ಹೆಂಗಸರ ಹೊಟ್ಟೆ ಬೇರೆ ಕಥೆ. ಚರ್ಮ ಜೋತಿರುತ್ತದೆ. ಹೊಟ್ಟೆಯ ನಡುವೆ ಎರಡು ಸ್ನಾಯುಪಟ್ಟಿ ದೂರ ಸರಿದಿರುತ್ತದೆ. ಅಂಗಾತ ಮಲಗಿ ತಲೆ ಮಾತ್ರ ಎತ್ತಿದರೆ ನಡುವೆ ಉದ್ದಕ್ಕೆ ಉಬ್ಬು ಏಳುತ್ತದೆ. ಎಷ್ಟು ನಡೆದರೂ ಅದು ಹೋಗುವುದಿಲ್ಲ. ಮೊದಲು ಫಿಸಿಯೋಥೆರಪಿ ಮಾಡಿ ನೋಡಬೇಕು. ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಸಾಕಾಗದಿದ್ದರೆ ಟಮ್ಮಿ ಟಕ್. ಹೆಚ್ಚಿನ ಚರ್ಮ ತೆಗೆದು, ಸ್ನಾಯುಗಳನ್ನು ಒಟ್ಟಿಗೆ ತಂದು ಹೊಲಿಯುವುದು. ಗಾಯದ ಗೆರೆ ಈ ಸೊಂಟದಿಂದ ಆ ಸೊಂಟದವರೆಗೆ. ಸೀರೆಯ ಒಳಗೆ ಮುಚ್ಚಿ ಹೋಗುತ್ತದೆ, ಆದರೆ ಅಳಿಸಿ ಹೋಗುವುದಿಲ್ಲ. ಒಂದು ವಾರ ಬೆನ್ನು ಬಗ್ಗಿಸಿಯೇ ನಡೆಯಬೇಕು. ಆರು ವಾರ ಕೊಡಪಾನ ಎತ್ತುವ ಹಾಗಿಲ್ಲ, ಹುಲ್ಲಿನ ಹೊರೆ ಹೊರುವ ಹಾಗಿಲ್ಲ. ಮನೆಯಲ್ಲಿ ಆ ಕೆಲಸ ಯಾರು ಮಾಡುತ್ತಾರೆ ಅಂತ ಕೇಳಿಯೇ ನಾನು ದಿನ ಕೊಡುವುದು. ಇನ್ನೂ ಮಕ್ಕಳು ಬೇಕು ಅನ್ನುವವರು ಈಗ ಮಾಡಿಸಬೇಡಿ. ಹೆರಿಗೆಯಾಗಿ ಆರು ತಿಂಗಳಿಂದ ಒಂದು ವರ್ಷ ಕಳೆಯಲಿ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ನಾನು ಓದು ಮುಗಿಸುವ ಮೊದಲಿನ ಮಾತು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವಳಿಗೆ ಹೊಟ್ಟೆಯ ಹರ್ನಿಯಾ ಜೊತೆಗೆ ಈ ಆಪರೇಷನ್ನೂ ಆಯಿತು. ಹೆಸರು ಬೇಡ. ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ನಾಲ್ಕು ಹಾಳೆ ತಂದು ಸಹಿ ಹಾಕಿ ಅಂದರು. ಅದು ಅವಳು ಓದಬಲ್ಲ ಭಾಷೆಯಲ್ಲಿ ಇರಲಿಲ್ಲ. ನಮ್ಮಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಎಷ್ಟೋ ಹೆಂಗಸರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷಂತೂ ಇನ್ನೂ ದೂರ. ಅವಳು ಕನ್ನಡದಲ್ಲಿ ಸಹಿ ಹಾಕಿದಳು. ಮರುದಿನ ಎಚ್ಚರ ಆದಾಗ ಹೊಟ್ಟೆಯಿಂದ ಎರಡು ರಬ್ಬರ್ ನಳಿಗೆ ಹೊರಗೆ ಬಂದಿತ್ತು, ತುದಿಯ ಬಾಟಲಿಯಲ್ಲಿ ಕೆಂಪು ನೀರು. ಏನೋ ಹೆಚ್ಚು ಕಡಿಮೆ ಆಗಿದೆ, ಯಾರೂ ಹೇಳುತ್ತಿಲ್ಲ ಅಂತ ಎರಡು ದಿನ ಅತ್ತಳು. ಅದು ಒಳಗೆ ನಿಲ್ಲುವ ನೀರು ಹೊರಗೆ ಹೋಗಲು ಎಲ್ಲರಿಗೂ ಇಡುವ ನಳಿಗೆ. ಒಂದು ವಾಕ್ಯ ಕನ್ನಡದಲ್ಲಿ ಹೇಳಿದ್ದರೆ ಆ ಎರಡು ದಿನ ಉಳಿಯುತ್ತಿತ್ತು.

2008ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಸ್ಪಷ್ಟ ಹೇಳಿದೆ. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನು, ಅಪಾಯ ಏನು, ಇಷ್ಟನ್ನೂ ತಿಳಿಸಿದ ಮೇಲೆ ಕೊಟ್ಟರೆ ಮಾತ್ರ ಅದು ಒಪ್ಪಿಗೆ. ತಿಳಿಸುವುದು ಅಂದರೆ ತಿಳಿಯುವ ಭಾಷೆಯಲ್ಲಿ ಅಲ್ವಾ? ನನಗೆ ಕನ್ನಡದಲ್ಲಿ ಓದಿ ಹೇಳಿ ಅಂತ ಕೇಳಿ. ಮಂಗಳೂರಿನಲ್ಲಾದರೂ ಕೇಳಿ, ಕಣ್ಣೂರಿನಲ್ಲಾದರೂ ಕೇಳಿ. ನಾಚಿಕೆ ಬೇಡ. ಫಾರಂ ಹಿಂದಿನ ರಾತ್ರಿ ಬರಬಾರದು. ಮನೆಗೆ ತಂದು ಎರಡು ದಿನ ಇಟ್ಟುಕೊಳ್ಳುವಷ್ಟು ಮೊದಲೇ ಬರಬೇಕು. ಕಾಸ್ಮೆಟಿಕ್ ಸರ್ಜರಿಯಲ್ಲಿ ತುರ್ತು ಅನ್ನುವುದೇ ಇಲ್ಲ. ಇವತ್ತೇ ದುಡ್ಡು ಕಟ್ಟಿದರೆ ರಿಯಾಯಿತಿ ಅಂದರೆ ಎದ್ದು ಬನ್ನಿ.

ಸ್ತನದ ಗಾತ್ರ ಕಡಿಮೆ ಮಾಡುವ ಆಪರೇಷನ್ ಬಗ್ಗೆ ಸಭೆಯಲ್ಲಿ ಮಾತಾಡಲು ಹಿಂಜರಿಯುತ್ತಾರೆ. ನಾನು ಹಿಂಜರಿಯುವುದಿಲ್ಲ. ಭಾರಕ್ಕೆ ಕುತ್ತಿಗೆ, ಬೆನ್ನು ನೋವು ಬರುತ್ತದೆ. ಒಳ ಉಡುಪಿನ ಪಟ್ಟಿ ಹೆಗಲಿನಲ್ಲಿ ಕಾಲುವೆಯ ಹಾಗೆ ಗೆರೆ ಕೊರೆದಿರುತ್ತದೆ. ನಮ್ಮ ಮಳೆಗಾಲದಲ್ಲಿ ಅಡಿಯ ಮಡಿಕೆಯಲ್ಲಿ ಬೂಸು ಹಿಡಿದು ಚರ್ಮ ಹುಣ್ಣಾಗುತ್ತದೆ. ಹತ್ತು ಹದಿನೈದು ವರ್ಷ ನೋವು ನುಂಗಿ ಬದುಕಿದವರು ಆಪರೇಷನ್ ಆದ ವಾರದಲ್ಲೇ ಹೆಗಲು ಹಗುರಾಯಿತು ಅನ್ನುತ್ತಾರೆ. ನಾನು ಮಾಡುವ ಎಲ್ಲ ಕೆಲಸಗಳಲ್ಲಿ ಹೆಚ್ಚು ಸಮಾಧಾನ ಕಂಡದ್ದು ಇವರಲ್ಲಿ. ಗಾಯದ ಗೆರೆ ಉಳಿಯುತ್ತದೆ. ಹಾಲೂಡಿಸಲು ಮುಂದೆ ತೊಂದರೆ ಆಗಬಹುದು. ಅದನ್ನು ಮೊದಲೇ ಮಾತಾಡಬೇಕು. ದೊಡ್ಡದು ಮಾಡಲು ಇಡುವ ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ. ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು ಅಂತ ತಿಳಿದೇ ಇಡಿಸಬೇಕು.

ಹುಡುಗರಲ್ಲೂ ಎದೆ ಬೆಳೆಯುತ್ತದೆ. ಗೈನೆಕೊಮಾಸ್ಟಿಯಾ ಅಂತ ಹೆಸರು. ತೋಟದ ಕೆಲಸದಲ್ಲಿ ಎಲ್ಲರೂ ಅಂಗಿ ಬಿಚ್ಚಿದರೂ ಒಬ್ಬ ಹುಡುಗ ಬಿಚ್ಚುವುದಿಲ್ಲ. ಕೆರೆಗೆ ಇಳಿಯುವುದಿಲ್ಲ. ದೇವಸ್ಥಾನದಲ್ಲಿ ಅಂಗಿ ತೆಗೆಯಬೇಕು ಅಂತ ಒಳಗೇ ಹೋಗುವುದಿಲ್ಲ. ಅಪ್ಪ ಅಮ್ಮನಿಗೆ ಕಾರಣ ಗೊತ್ತಿರುವುದಿಲ್ಲ. ಹದಿಹರೆಯದಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಸ್ವಲ್ಪವಾದರೂ ಹೀಗಾಗುತ್ತದೆ. ಹೆಚ್ಚಿನವರಿಗೆ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಅದಕ್ಕೇ 18ರವರೆಗೆ ಕಾಯುವುದು. ಆಮೇಲೂ ಉಳಿದರೆ ಮೊದಲು ಕಾರಣ ನೋಡಬೇಕು. ಜಿಮ್ಮಿನಲ್ಲಿ ಕೊಡುವ ಸ್ಟೆರಾಯ್ಡ್, ಕೆಲವು ಮಾತ್ರೆ, ಲಿವರ್, ಥೈರಾಯ್ಡ್, ಅಪರೂಪಕ್ಕೆ ವೃಷಣದ ಗಡ್ಡೆ. ಕಾರಣ ಏನೂ ಇಲ್ಲ ಅಂತಾದರೆ ಮೊಲೆತೊಟ್ಟಿನ ಕಪ್ಪು ಅಂಚಿನಲ್ಲಿ ಸಣ್ಣ ಗಾಯ ಮಾಡಿ ಗ್ರಂಥಿ ತೆಗೆಯುತ್ತೇವೆ, ಸುತ್ತಲ ಕೊಬ್ಬು ಹೀರುತ್ತೇವೆ. ದೊಡ್ಡ ಪ್ರಾಯದವರಿಗೆ ಒಂದೇ ಕಡೆ ಗಟ್ಟಿ ಗಂಟು ಬಂದರೆ ಅದು ಬೇರೆ. ತಡ ಮಾಡದೆ ತೋರಿಸಿ. ಗಂಡಸರಿಗೂ ಸ್ತನದ ಕ್ಯಾನ್ಸರ್ ಬರುತ್ತದೆ.

ಕೂದಲಿನ ವಿಷಯ ನಮ್ಮವರಿಗೆ ಬೇಗ ಅರ್ಥ ಆಗುತ್ತದೆ. ಅಡಿಕೆ ಸಸಿಯನ್ನು ಮಡಿಯಿಂದ ಕಿತ್ತು ತೋಟದಲ್ಲಿ ನೆಡುತ್ತೇವಲ್ಲ, ಹಾಗೇ. ತಲೆಯ ಹಿಂಭಾಗದ ಕೂದಲು ಗಂಡಸರ ಬೋಳಿಗೆ ಬಗ್ಗುವುದಿಲ್ಲ. ಅಲ್ಲಿಂದ ಬೇರು ಸಮೇತ ತೆಗೆದು ಮುಂದೆ ನೆಡುವುದು. ಮಡಿಯಲ್ಲಿ ಇರುವಷ್ಟೇ ಸಸಿ. ಹೆಚ್ಚಿಗೆ ಎಲ್ಲಿಂದಲೂ ಬರುವುದಿಲ್ಲ. 22 ವರ್ಷದ ಹುಡುಗ ಬಂದು ಮುಂದಿನ ಸಾಲು ನೆಡಿ ಅಂದರೆ ನಾನು ಒಪ್ಪುವುದಿಲ್ಲ. ನೆಟ್ಟ ಸಾಲು ಉಳಿಯುತ್ತದೆ. ಅದರ ಹಿಂದಿನ ಅವನದ್ದೇ ಕೂದಲು ಇನ್ನೂ ಹತ್ತು ವರ್ಷ ಉದುರುತ್ತಲೇ ಹೋಗುತ್ತದೆ. ಕೊನೆಗೆ ಮುಂದೆ ಒಂದು ಸಾಲು, ಹಿಂದೆ ಬಯಲು. 25 ದಾಟಲಿ, ಉದುರುವ ರೀತಿ ಒಂದು ಹದಕ್ಕೆ ಬರಲಿ, ಅಲ್ಲಿಯವರೆಗೆ ಔಷಧ. ನೆಟ್ಟ ಕೂದಲು ಮೊದಲ ತಿಂಗಳಲ್ಲಿ ಉದುರಿದರೆ ಗಾಬರಿ ಬೇಡ. ಬೇರು ಒಳಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರಿ, ಒಂದು ವರ್ಷಕ್ಕೆ ತುಂಬುತ್ತದೆ. ಹೆಂಗಸರ ತಲೆಯಿಡೀ ಕೂದಲು ತೆಳುವಾದರೆ ಮೊದಲು ಥೈರಾಯ್ಡ್ ಮತ್ತು ರಕ್ತದ ಕಬ್ಬಿಣ ನೋಡಿಸಬೇಕು. ಸಣ್ಣ ಕೋಣೆ ಬಾಡಿಗೆಗೆ ಹಿಡಿದು ಟೆಕ್ನಿಶಿಯನ್‌ಗಳೇ ಕೂದಲು ನೆಡುವ ಅಂಗಡಿಗಳು ಪೇಟೆಯಲ್ಲಿ ಎದ್ದಿವೆ. ಶಸ್ತ್ರಚಿಕಿತ್ಸೆಯ ತರಬೇತಿ ಇರುವ ಡಾಕ್ಟರರೇ ಮಾಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಕಣ್ಣಿನ ರೆಪ್ಪೆಯ ಚರ್ಮ ಜೋತು ದೃಷ್ಟಿಗೆ ಅಡ್ಡ ಬರುವ ಹಿರಿಯರಿಗೆ ಅದನ್ನು ತೆಗೆಯುವುದು ಸಣ್ಣ ಆಪರೇಷನ್. ಕಣ್ಣು ಒಣಗುವ ತೊಂದರೆ ಇದ್ದರೆ ಮೊದಲು ಹೇಳಿ. ಮುಖದ ಸುಕ್ಕು ಇಳಿಸುವ ಬೊಟಾಕ್ಸ್ ಇಂಜೆಕ್ಷನ್ನಿನ ಕೆಲಸ ಉಳಿಯುವುದು ಮೂರು ನಾಲ್ಕು ತಿಂಗಳು. ಬಸುರಿ, ಬಾಣಂತಿಯರಿಗೆ ಬೇಡ. ಕೆನ್ನೆ, ತುಟಿ ತುಂಬಿಸಲು ಚುಚ್ಚುವ ಫಿಲ್ಲರ್ ಬ್ಯೂಟಿ ಪಾರ್ಲರಿನಲ್ಲಿ ಹಾಕಿಸಿಕೊಳ್ಳಲೇಬೇಡಿ. ತಪ್ಪಿ ರಕ್ತನಾಳಕ್ಕೆ ಹೋದರೆ ಕಣ್ಣೇ ಹೋದದ್ದಿದೆ.

ಬಣ್ಣದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೈಯನ್ನು ಬೆಳ್ಳಗೆ ಮಾಡುವ ಆಪರೇಷನ್ ಇಲ್ಲ. ಗ್ಲುಟಾಥಿಯೋನ್ ಇಂಜೆಕ್ಷನ್ನಿಗೆ ಆ ಕೆಲಸಕ್ಕೆ ಅನುಮತಿ ಇಲ್ಲ. 2023ರಲ್ಲಿ ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ ಫೇರ್‌ನೆಸ್ ಕ್ರೀಮಿನ ಪಾದರಸದಿಂದ ಕಿಡ್ನಿ ಕಾಯಿಲೆ ಬಂದವರನ್ನು ಡಾಕ್ಟರರು ಪತ್ತೆ ಹಚ್ಚಿದರು. ಅದೇ ವರ್ಷ ಸರಕಾರ ಆಪರೇಷನ್ ಸೌಂದರ್ಯ ಅಂತ ಅಂಗಡಿಗಳ ತಪಾಸಣೆಗೆ ಇಳಿಯಿತು. ಹೆಸರಿಲ್ಲದ, ಕಂಪೆನಿ ವಿಳಾಸ ಇಲ್ಲದ ಕ್ರೀಮು ಮನೆಯಲ್ಲಿದ್ದರೆ ಇವತ್ತೇ ಬಿಸಾಡಿ. ನಿಮ್ಮ ಮಗಳ ಬಣ್ಣದಲ್ಲಿ ಸರಿ ಮಾಡುವಂಥದ್ದು ಏನೂ ಇಲ್ಲ.

ಯಾರಿಗೆ ಬೇಡ ಅನ್ನುವುದನ್ನೂ ಹೇಳಬೇಕು. ಬೀಡಿ, ಸಿಗರೇಟು ಸೇದುವವರಿಗೆ ಚರ್ಮದ ಸಣ್ಣ ರಕ್ತನಾಳ ಮುದುಡಿರುತ್ತದೆ. ಹೊಲಿದ ಚರ್ಮ ಕಪ್ಪಾಗಿ ಸಾಯುತ್ತದೆ. ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಬಿಡಲೇಬೇಕು. ಎಲೆಅಡಿಕೆ ತಿನ್ನುವವರು ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸುತ್ತದಾ ನೋಡಿ. ಹಿಡಿಸದಿದ್ದರೆ ಬಾಯಿಯ ಒಳಚರ್ಮ ಬಿಗಿದಿದೆ. ಅನಸ್ತೇಸಿಯಾ ಕೊಡುವಾಗ ಉಸಿರಿನ ನಳಿಗೆ ಹಾಕಲು ಕಷ್ಟ. ಅಡಿಕೆ ನಮ್ಮ ಅನ್ನ, ನನಗೂ ಗೊತ್ತು. ಆದರೂ ಇದನ್ನು ಮುಚ್ಚಿಡಬೇಡಿ. ಶುಗರ್ ಇರುವವರು ಮೂರು ತಿಂಗಳ ಸರಾಸರಿಯ ಎಚ್‌ಬಿಎ1ಸಿ ಮಾಡಿಸಿ. 8ಕ್ಕಿಂತ ಮೇಲಿದ್ದರೆ ಮೊದಲು ಅದನ್ನು ಇಳಿಸಬೇಕು. ಹಿಂದೆ ಗಾಯ ಆದಲ್ಲಿ ಉಬ್ಬಿದ ಕೀಲಾಯ್ಡ್ ಬಂದಿದ್ದರೆ ತೋರಿಸಿ. ನಮ್ಮ ಬಣ್ಣದ ಚರ್ಮದಲ್ಲಿ ಅದು ಜಾಸ್ತಿ.

ಇನ್ನು ಕೆಲವರಿಗೆ ನೋವು ಇರುವುದು ಮನಸ್ಸಿನಲ್ಲಿ. ಬೇರೆಯವರಿಗೆ ಕಾಣದ ಸಣ್ಣ ಕುಂದನ್ನೇ ದಿನಕ್ಕೆ ಹತ್ತಾರು ಸಲ ಕನ್ನಡಿಯಲ್ಲಿ ನೋಡುತ್ತಾರೆ, ಮನೆಯಿಂದ ಹೊರಗೆ ಬರುವುದಿಲ್ಲ. ಅದು ಕಾಯಿಲೆ. ಅದಕ್ಕೆ ಒಳ್ಳೆಯ ಔಷಧ ಇದೆ, ಆಪ್ತ ಸಲಹೆ ಇದೆ. ಚಾಕು ಹಾಕಿದರೆ ಹೆಚ್ಚುತ್ತದೆ. ಅಂಥವರನ್ನು ನಾನು ಮಾನಸಿಕ ತಜ್ಞರ ಹತ್ತಿರ ಕಳಿಸುತ್ತೇನೆ. ಕೆಲವರು ಸಿಟ್ಟು ಮಾಡಿಕೊಂಡು ಬೇರೆ ಡಾಕ್ಟರರನ್ನು ಹುಡುಕುತ್ತಾರೆ. ಅವರನ್ನು ನೆನೆದರೆ ಸಂಕಟ ಆಗುತ್ತದೆ.

ಕೊನೆಯದಾಗಿ ದೂರ. ನಮಗೆ ಎಲ್ಲದಕ್ಕೂ ಮಂಗಳೂರು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದ ಕಡೆಯಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರು ಮುಟ್ಟಲಾಗದೆ ನಮ್ಮವರು ಕೆಲವರು ತೀರಿಕೊಂಡರು. ಅದನ್ನು ನಾವು ಮರೆಯುವುದಿಲ್ಲ. ಹಾಗಾಗಿ ಇಷ್ಟು ಮಾಡಿ. ಆಪರೇಷನ್ ಮಾಡುವವರ ಡಿಗ್ರಿಯಲ್ಲಿ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯಾ ನೋಡಿ. ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ, ಕಾಲು ಊದಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದುಕೊಳ್ಳಿ. ಊರಿನ ನಿಮ್ಮ ಡಾಕ್ಟರರಿಗೂ ಆಪರೇಷನ್ ವಿಷಯ ತಿಳಿಸಿ ಇಡಿ.

ಆಮೇಲೆ ಪ್ರಶ್ನೆಗಳು ಬಂದವು.

ಇನ್ಶೂರೆನ್ಸ್ ಸಿಗುತ್ತದಾ ಅಂತ ಒಬ್ಬರು ಕೇಳಿದರು. ಬರೀ ಸೌಂದರ್ಯಕ್ಕೆ ಮಾಡಿಸಿದ್ದಕ್ಕೆ ಸಿಗುವುದಿಲ್ಲ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಸರಿ ಮಾಡುವುದಕ್ಕೆ ಸಾಮಾನ್ಯವಾಗಿ ಸಿಗುತ್ತದೆ. ಯಾಕೆ ಬೇಕು ಅಂತ ಡಾಕ್ಟರರಿಂದ ಮೊದಲೇ ಬರೆಸಿಕೊಳ್ಳಿ.

ಸೀಳುತುಟಿಯ ಮಗುವಿಗೆ ಯಾವಾಗ ಅಂತ ಒಬ್ಬ ತಂದೆ ಕೇಳಿದರು. ತುಟಿಗೆ ಮೂರು ತಿಂಗಳ ಆಸುಪಾಸಿನಲ್ಲಿ, ಅಂಗುಳಕ್ಕೆ ಒಂದು ವರ್ಷದ ಹತ್ತಿರ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ಪುಕ್ಕಟೆ ಮಾಡುವ ಆಸ್ಪತ್ರೆಗಳಿವೆ. ಗ್ರಹಣದಿಂದ ಆದದ್ದು ಅಂತ ಆ ತಾಯಿಯನ್ನು ದಯವಿಟ್ಟು ಯಾರೂ ಬೈಯಬೇಡಿ.

ಎಲ್ಲರೂ ಏಳುವಾಗ ಮುಂದಿನ ಸಾಲಿನ ಒಬ್ಬರು ಅಜ್ಜಿ ಹತ್ತಿರ ಬಂದರು. ಸೆರಗು ಸರಿಸಿ, ಎಡಗಿವಿಯನ್ನು ಒಂದು ಬೆರಳಲ್ಲಿ ತೋರಿಸಿದರು.

"ನನಗೆ 74 ಆಯಿತು. ಈ ಪ್ರಾಯದಲ್ಲಿ ಎಂತಕ್ಕೆ ಅಂತ ಮನೆಯಲ್ಲಿ ಹೇಳ್ತಾರೆ."

"ನಿಮಗೆ ಬೇಕಾ?"

"ನನಗೆ ಬೇಕು."

"ಶುಗರ್ ಉಂಟಾ? ರಕ್ತ ತೆಳು ಮಾಡುವ ಮಾತ್ರೆ?"

"ಶುಗರ್ ಉಂಟು. ಮಾತ್ರೆ ತೆಗೆದುಕೊಳ್ಳುತ್ತೇನೆ. ಬೇರೆ ಎಂತದೂ ಇಲ್ಲ."

ಶುಗರ್ ನೋಡಿಸಿಕೊಂಡು ಬುಧವಾರ ಬನ್ನಿ, ತಿಂಡಿ ತಿಂದೇ ಬನ್ನಿ ಅಂದೆ. ಬೆಂಡೋಲೆ ಯಾವಾಗ ಹಾಕಬಹುದು ಅಂತ ಕೇಳಿದರು. ಹೊಸ ತೂತಿಗೆ ಮೂರು ತಿಂಗಳು ಆಗಬೇಕು, ಆಮೇಲೂ ಹಗುರದ್ದು ಮಾತ್ರ ಅಂದೆ. ಅವರು ಬೆರಳು ಮಡಚಿ ತಿಂಗಳು ಎಣಿಸಿದರು.

"ಹಾಗಾದರೆ ಬಿಸು ಹಬ್ಬಕ್ಕೆ ಆಗ್ತದೆ" ಅಂದರು.